ಹೊಲದ ಇಲಿಯ ಹಗಲು ಮತ್ತು ಇರುಳು



ತಿರ್ಲಾಪುರದ ಎರೆ ಹೊಲದಲ್ಲಿ ಹಿಂಗಾರಿ ಜೋಳದ ಕಾಳಿಗೆ ಹಾಲು ತುಂಬುವ ದಿನಗಳಲ್ಲಿ ಮುಂಜಾನೆ ಒಂದು ಸುತ್ತು ಹಾಕಿ ನೋಡಿರಿ. ಅಲ್ಲಲ್ಲಿ ದಂಟು ಕಡಿದು ಬಿದ್ದಿರುವದು. ತೆನೆ ಅರ್ಧ ತಿಂದು ಅರ್ಧ ಚೆಲ್ಲಿರುವದು. ಬದುವಿನ ಮಗ್ಗಲಲ್ಲಿ ಹೊಸ ಮಣ್ಣಿನ ಗುಡ್ಡೆ ಎದ್ದಿರುವದು. ಆದರೆ ಹೊಲದಲ್ಲಿ ಒಂದು ಇಲಿಯೂ ಕಾಣುವದಿಲ್ಲ. ಮಧ್ಯಾಹ್ನವೆಲ್ಲ ಬದುವಿನ ಮೇಲೆ ಕುಳಿತು ಕಾದರೂ ಕಾಣುವದಿಲ್ಲ. ಕಳ್ಳನ ಮುಖ ನೋಡದೆಯೇ ನಾವು ವರ್ಷ ವರ್ಷ ನಷ್ಟ ಅನುಭವಿಸುತ್ತಿದ್ದೇವೆ.

ಇಲಿಗೆ ವಿಷ ಇಟ್ಟೆವು, ಏನೂ ಆಗಲಿಲ್ಲ ಎಂದು ಹೇಳುವವರು ಬಹಳ ಮಂದಿ. ಮುಂಜಾನೆ ಹತ್ತು ಗಂಟೆಗೆ ಇಟ್ಟ ವಿಷದ ಕಾಳನ್ನು ಇಲಿ ಮುಟ್ಟುವ ಮೊದಲೇ ನವಿಲು, ಪಾರಿವಾಳ, ಕೋಳಿ ಮುಟ್ಟುತ್ತವೆ. ಇಲಿ ಉಳಿಯುತ್ತದೆ, ಪಕ್ಷಿ ಸಾಯುತ್ತದೆ. ಇದಕ್ಕೆ ವಿಷದ ದೋಷವಷ್ಟೇ ಕಾರಣವಲ್ಲ, ಹೊತ್ತಿನ ದೋಷವೂ ಕಾರಣ. ಇಲಿಯ ದಿನಚರಿ ತಿಳಿಯದೆ ಇಲಿಯ ಹತೋಟಿ ಸಾಧ್ಯವಿಲ್ಲ. ಆ ದಿನಚರಿ ಎಂಥದು, ಅದನ್ನು ನಡೆಸುವ ಶಕ್ತಿ ಯಾವದು, ಅದರಿಂದ ನಮ್ಮ ಒಕ್ಕಲುತನಕ್ಕೆ ಏನು ಉಪಯೋಗ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಹೊಲದ ಇಲಿಗಳು ಯಾರು?

ಹೊಲದಲ್ಲಿರುವವೆಲ್ಲ ಒಂದೇ ಜಾತಿಯವಲ್ಲ. ಹೊಲದ ಹೆಗ್ಗಣ ೨೦೦ ರಿಂದ ೩೦೦ ಗ್ರಾಂ ತೂಗುವ ಗಟ್ಟಿ ಪ್ರಾಣಿ. ಉದ್ದವಾದ ಬಿಲ ತೋಡಿ, ಒಳಗೆ ಕಾಳಿನ ಉಗ್ರಾಣ ಮಾಡಿಕೊಳ್ಳುತ್ತದೆ. ಒಳಗಿರುವಾಗ ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುವದು ಅದರ ರೂಢಿ. ಎರಡನೆಯದು ಮೆತ್ತನೆಯ ಕೂದಲಿನ ಇಲಿ. ಇದನ್ನು ವಡ್ಡರು ‘ಮೆಟ್ಟಾಡ’ ಎಂದು ಕರೆಯುತ್ತಿದ್ದರು. ಇದು ಆಳವಾದ ಬಿಲ ತೋಡುವ ಗೋಜಿಗೆ ಹೋಗುವದಿಲ್ಲ. ಕಲ್ಲುಗುಂಪೆ, ಕಂಟಿಯ ಬುಡ, ಎರೆ ನೆಲದ ಬಿರುಕು ಸಿಕ್ಕರೆ ಸಾಕು. ಮೂರನೆಯದು ಬಾಲದ ತುದಿಗೆ ಕಪ್ಪು ಕೂದಲಿನ ಗೊಂಡೆ ಇರುವ, ಹಿಂಗಾಲಿನ ಮೇಲೆ ನೆಗೆಯುವ ಬಯಲಿನ ಇಲಿ. ನಾಲ್ಕನೆಯದು ಸುಮಾರು ೧೦ ಗ್ರಾಂ ತೂಗುವ ಸಣ್ಣ ಚಿಟ್ಟಿಲಿ.

ಇವುಗಳಿಗೂ ನಮ್ಮ ಧಾರವಾಡ ಸೀಮೆಗೂ ಹಳೆಯ ನಂಟಿದೆ. ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿ ೧೮೨೪ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕು, ಆಮೇಲೆ ಬಿಡುಗಡೆಯಾದವನು. ಅವನು ಧಾರವಾಡ ಭಾಗದಲ್ಲಿ ಇದ್ದಾಗ ಇಲ್ಲಿಯ ಪ್ರಾಣಿಗಳನ್ನು ಸಂಗ್ರಹಿಸಿ ಅವುಗಳ ನಡತೆಯನ್ನು ಬರೆದಿಟ್ಟನು. ಅವನು ಕಳಿಸಿದ ಪ್ರಾಣಿಗಳನ್ನು ನೋಡಿ ಲಂಡನ್ನಿನ ಪಂಡಿತ ಗ್ರೇ ಎಂಬವನು ೧೮೩೭ರಲ್ಲಿ ಮೆತ್ತನೆಯ ಕೂದಲಿನ ಇಲಿಗೆ ವೈಜ್ಞಾನಿಕ ಹೆಸರು ಕೊಟ್ಟನು. ಆ ಹೆಸರಿನಲ್ಲಿ ವಡ್ಡರ ‘ಮೆಟ್ಟಾಡ’ ಎಂಬ ಮಾತೇ ಸ್ವಲ್ಪ ತಿದ್ದಾಗಿ ಇಂದಿಗೂ ಉಳಿದಿದೆ. ಜಗತ್ತಿನ ಪುಸ್ತಕಗಳಲ್ಲಿ ಈ ಇಲಿಯ ಮೂಲಸ್ಥಳ ಧಾರವಾಡವೆಂದೇ ದಾಖಲಾಗಿದೆ.

ಇಲಿಯ ಒಂದು ದಿನ

ಈ ನಾಲ್ಕೂ ಜಾತಿಗಳು ಮುಖ್ಯವಾಗಿ ರಾತ್ರಿ ಸಂಚಾರಿಗಳು. ನಾವು ದುಡಿದು ದಣಿದು ಎತ್ತಿಗೆ ಮೇವು ಹಾಕಿ ಮನೆ ಸೇರುವ ಹೊತ್ತಿಗೆ ಅವುಗಳಿಗೆ ಬೆಳಗಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಇಲಿ ಬಿಲದ ಬಾಯಿಗೆ ಬಂದು ಮೂಗಾಡಿಸಿ ವಾಸನೆ ಹಿಡಿಯುತ್ತದೆ. ಕತ್ತಲಾದೊಡನೆ ಹೊರಬೀಳುತ್ತದೆ. ಹಗಲೆಲ್ಲ ಹಸಿದಿದ್ದರಿಂದ ರಾತ್ರಿಯ ಮೊದಲ ಕೆಲವು ಗಂಟೆ ಮೇಯುವದು ಬಹಳ ಜೋರು. ನಡುರಾತ್ರಿಯಲ್ಲಿ ಓಡಾಟ ಸಾಮಾನ್ಯವಾಗಿ ತುಸು ಕಡಿಮೆಯಾಗುತ್ತದೆ. ಕೋಳಿ ಕೂಗುವ ಮುಂಚೆ ಇನ್ನೊಮ್ಮೆ ತಿಂದು, ಕಾಳನ್ನು ಬಿಲಕ್ಕೆ ಸಾಗಿಸಿ, ಮೂಡಲು ಬೆಳ್ಳಗಾಗುವ ಮುನ್ನ ಒಳಗೆ ಸೇರುತ್ತದೆ. ಹಗಲು ನಿದ್ದೆ, ಮೈ ನೆಕ್ಕಿಕೊಳ್ಳುವದು, ಮರಿಗಳಿಗೆ ಹಾಲೂಡಿಸುವದು.

ರಾತ್ರಿಯನ್ನೇ ಏಕೆ ಆರಿಸಿಕೊಂಡಿತು? ಇದಕ್ಕೆ ಎರಡು ಕಾರಣ. ಬೇಸಿಗೆಯ ಮಧ್ಯಾಹ್ನ ಎರೆ ನೆಲದ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಮೊದಲನೆಯ ಕಾರಣ ಹೇಳಬೇಕಾಗಿಲ್ಲ. ನೆಲ ಕಾದು ಹೆಂಚಾಗಿರುತ್ತದೆ. ಅಂಥ ಬಿಸಿಲಲ್ಲಿ ಸಣ್ಣ ಪ್ರಾಣಿಯ ಮೈಯ ನೀರು ಬೇಗ ಬತ್ತಿ ಹೋಗುತ್ತದೆ. ಮೊಳ ಎರಡು ಮೊಳ ಕೆಳಗೆ ಬಿಲದಲ್ಲಿ ತಂಪೂ ಪಸಿಯೂ ಇರುತ್ತವೆ. ಎರಡನೆಯದು ಜೀವಭಯ. ಹಗಲಲ್ಲಿ ಹದ್ದು, ಗಿಡಗ, ಕಾಗೆ, ನಾಯಿ ಎಲ್ಲವೂ ವೈರಿಗಳೇ.

ರಾತ್ರಿಯಲ್ಲಿಯೂ ಅದಕ್ಕೆ ಎಲ್ಲ ಹೊತ್ತೂ ಒಂದೇ ಅಲ್ಲ. ಹುಣ್ಣಿಮೆಯ ಬೆಳದಿಂಗಳಲ್ಲಿ ಬಯಲಿಗೆ ಬಂದರೆ ಗೂಗೆಯ ಕಣ್ಣಿಗೆ ಬೀಳುವ ಭಯ. ಆದ್ದರಿಂದ ಬೆಳದಿಂಗಳ ರಾತ್ರಿ ತೆರೆದ ನೆಲದಲ್ಲಿ ಇಲಿಗಳ ಓಡಾಟ ಕಡಿಮೆ; ಬೆಳೆಯ ಮರೆ, ಕಸದ ಮರೆ ಇದ್ದಲ್ಲಿ ಮಾತ್ರ ಮೇಯುತ್ತವೆ. ಅಮಾವಾಸ್ಯೆಯ ಕತ್ತಲೆಯಲ್ಲಿ ದೂರ ದೂರ ಹೋಗುತ್ತವೆ. ಬದುವಿನ ಮೇಲೆ ಕಸ ಬೆಳೆಸುವದೆಂದರೆ ಇಲಿಗೆ ಕೊಡೆ ಹಿಡಿದಂತೆ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ಭಾಗದಲ್ಲಿ ಡಿಸೆಂಬರದ ರಾತ್ರಿ ಜೂನದ ರಾತ್ರಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಉದ್ದ. ಎಳ್ಳ ಅಮಾವಾಸ್ಯೆಗೆ ನಾವು ಹೊಲದಲ್ಲಿ ಚರಗ ಚೆಲ್ಲುವ ದಿನಗಳಲ್ಲಿ ಜೋಳ, ಗೋಧಿ, ಕಡಲೆ ಹೊಲದಲ್ಲಿಯೇ ಇರುತ್ತವೆ. ಇಲಿಗೂ ಕತ್ತಲೆಯ ಹೊತ್ತು ಹೆಚ್ಚು ಸಿಗುವದು ಆಗಲೇ.

ಎಲ್ಲ ದಂಶಕಗಳೂ, ಅಂದರೆ ಹಲ್ಲಿನಿಂದ ಕಡಿದು ತಿನ್ನುವ ಪ್ರಾಣಿಗಳೂ, ರಾತ್ರಿಯವಲ್ಲ ಎಂಬುದನ್ನು ನೆನಪಿಡಿರಿ. ಬೇವಿನ ಗಿಡದ ಅಳಿಲು ಇಲಿಯ ಬಳಗವೇ. ಅದು ಸೂರ್ಯ ಹುಟ್ಟಿದ ಮೇಲೆ ಇಳಿದು, ಸಂಜೆ ಗೂಡು ಸೇರುತ್ತದೆ. ಒಂದೇ ಬಳಗದವರು ಹಗಲು ಪಾಳಿ, ರಾತ್ರಿ ಪಾಳಿ ಹಂಚಿಕೊಂಡಿದ್ದಾರೆ.

ಮೈಯೊಳಗಿನ ಗಡಿಯಾರ

ಕತ್ತಲಾದಾಗ ಇಲಿ ಏಳುತ್ತದೆ, ಬೆಳಕಾದಾಗ ಮಲಗುತ್ತದೆ. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷವಿದೆ. ಬಿಲದೊಳಗೆ ಹಗಲೂ ಕತ್ತಲೆಯೇ. ಹೊರಗೆ ಸಂಜೆಯಾಯಿತೆಂದು ಒಳಗಿದ್ದ ಇಲಿಗೆ ತಿಳಿಸುವವರು ಯಾರು?

ಇದರ ಉತ್ತರವನ್ನು ನಮ್ಮ ದಕ್ಷಿಣ ದೇಶದಲ್ಲಿಯೇ ನಮ್ಮದೇ ಚಿಟ್ಟಿಲಿಯನ್ನು ಹಿಡಿದು ಕಂಡುಕೊಂಡಿದ್ದಾರೆ. ಮದುರೈ ಕಾಮರಾಜ ವಿಶ್ವವಿದ್ಯಾಲಯದ ಪ್ರೊಫೆಸರ್ ಎಂ. ಕೆ. ಚಂದ್ರಶೇಖರನ್ ಮತ್ತು ಅವರ ಶಿಷ್ಯರು ಹೊಲದ ಚಿಟ್ಟಿಲಿಗಳನ್ನು ತಂದು ಹಗಲೂ ರಾತ್ರಿ ಬೆಳಕೇ ಬಾರದ ಕೋಣೆಯಲ್ಲಿ ಇಟ್ಟು ನೋಡಿದರು. ಮುಂದೆ ಈ ಕೆಲಸ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ನಡೆಯಿತು. ಇಂಥ ಪ್ರಯೋಗಗಳಲ್ಲಿ ಇಲಿಯ ಪಂಜರದೊಳಗೆ ಒಂದು ಸಣ್ಣ ಚಕ್ರವಿರುತ್ತದೆ. ಇಲಿ ಎಚ್ಚತ್ತಾಗ ಅದರಲ್ಲಿ ಓಡುತ್ತದೆ, ಓಡಿದ ಹೊತ್ತನ್ನು ಯಂತ್ರ ಗುರುತು ಹಾಕುತ್ತದೆ. ವಾರಗಟ್ಟಲೆ ಬರಿ ಕತ್ತಲೆಯಲ್ಲಿದ್ದರೂ ಇಲಿ ದಿನಕ್ಕೊಮ್ಮೆ ಎದ್ದು ಓಡುತ್ತದೆ, ದಿನಕ್ಕೊಮ್ಮೆ ಮಲಗುತ್ತದೆ. ಆದರೆ ಅದರ ದಿನ ಸರಿಯಾಗಿ ೨೪ ಗಂಟೆಯದಲ್ಲ. ತುಸು ಹೆಚ್ಚು ಕಡಿಮೆ. ಆದ್ದರಿಂದ ಏಳುವ ಹೊತ್ತು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತ ಹೋಗುತ್ತದೆ.

ಇದರಿಂದ ಸಿದ್ಧವಾದದ್ದು ಏನೆಂದರೆ, ಇಲಿಯ ಮೈಯಲ್ಲಿಯೇ ಒಂದು ಗಡಿಯಾರವಿದೆ. ೧೯೭೨ರಲ್ಲಿ ಅಮೇರಿಕದ ಸಂಶೋಧಕರು ಅದರ ಸ್ಥಳವನ್ನೂ ಕಂಡುಹಿಡಿದರು. ಎರಡೂ ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯುವ ಜಾಗದ ಮೇಲೆ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಜೀವಕಣಗಳ ಗುಂಪಿದೆ. ಅದನ್ನು ತೆಗೆದುಹಾಕಿದರೆ ಇಲಿಗೆ ಹೊತ್ತುಗೊತ್ತು ಇಲ್ಲದಂತಾಗುತ್ತದೆ. ನಮ್ಮ ನಿಮ್ಮ ತಲೆಯಲ್ಲಿಯೂ ಇಂಥದೇ ಗಡಿಯಾರವಿದೆ. ಕೂಗುವ ಕೋಳಿ ಇಲ್ಲದ ಊರಿಗೆ ಹೋದರೂ ಒಕ್ಕಲಿಗನಿಗೆ ನಸುಕಿನಲ್ಲಿ ಎಚ್ಚರವಾಗುವದು ಇದರಿಂದಲೇ. ಇಂಥ ಗಡಿಯಾರ ಜೀವಕಣದೊಳಗೆ ಹೇಗೆ ನಡೆಯುತ್ತದೆಂದು ಹಣ್ಣಿನ ನೊಣಗಳಲ್ಲಿ ತೋರಿಸಿದ ಮೂವರು ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮನೆಯ ಗೋಡೆ ಗಡಿಯಾರ ದಿನಕ್ಕೆ ಕೆಲವು ನಿಮಿಷ ಹಿಂದೆ ಬಿದ್ದರೆ ನಾವು ಮುಳ್ಳು ತಿರುಗಿಸಿ ಸರಿಪಡಿಸುತ್ತೇವೆ. ಇಲಿಯ ಗಡಿಯಾರದ ಮುಳ್ಳು ತಿರುಗಿಸುವದು ಬೆಳಕು. ಕತ್ತಲೆಯಲ್ಲಿಟ್ಟ ಚಿಟ್ಟಿಲಿಗೆ ಅದರ ರಾತ್ರಿಯ ಆರಂಭದಲ್ಲಿ ಕೆಲವೇ ನಿಮಿಷ ಬೆಳಕು ತೋರಿಸಿದರೆ ಮರುದಿನ ಅದು ತಡವಾಗಿ ಏಳುತ್ತದೆ. ರಾತ್ರಿಯ ಕೊನೆಗೆ ತೋರಿಸಿದರೆ ಬೇಗ ಏಳುತ್ತದೆ. ಅದರ ಹಗಲಿನ ಹೊತ್ತಿನಲ್ಲಿ ತೋರಿಸಿದರೆ ಹೆಚ್ಚು ಬದಲಾವಣೆ ಇಲ್ಲ. ಹೀಗಾಗಿ ಸಂಜೆ ಬಿಲದ ಬಾಯಿಗೆ ಬಂದು ಇಣುಕಿದಾಗ ಕಂಡ ಬೆಳಕು, ನಸುಕಿನಲ್ಲಿ ಮರಳುವಾಗ ಕಂಡ ಬೆಳಕು, ಇಷ್ಟರಿಂದಲೇ ಅದರ ಗಡಿಯಾರ ಸೂರ್ಯನ ಜೊತೆ ಸರಿಹೊಂದಿರುತ್ತದೆ.

ಕಣ್ಣು ತೆರೆಯದ ಮರಿಗಳ ಗತಿ ಏನು? ವಿಶ್ವನಾಥನ್ ಮತ್ತು ಚಂದ್ರಶೇಖರನ್ ೧೯೮೫ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಹಗಲು ರಾತ್ರಿಯ ಭೇದವಿಲ್ಲದ ಕಡೆ ಚಿಟ್ಟಿಲಿಯ ಮರಿಗಳನ್ನಿಟ್ಟು, ತಾಯಿಯನ್ನು ೧೨ ಗಂಟೆ ಜೊತೆಗೆ ಬಿಟ್ಟು ೧೨ ಗಂಟೆ ದೂರ ಇಟ್ಟರು. ತಾಯಿ ಬರುವ ಹೋಗುವ ಹೊತ್ತಿಗೆ ಮರಿಗಳ ಗಡಿಯಾರ ಹೊಂದಿಕೊಂಡಿತು. ತಾಯಿ ಇದ್ದದ್ದೇ ಹಗಲು, ತಾಯಿ ಇಲ್ಲದ್ದೇ ರಾತ್ರಿ. ಹೊಲದಲ್ಲಿ ನಡೆಯುವದೂ ಇದೇ. ತಾಯಿ ಹಗಲು ಗೂಡಿನಲ್ಲಿದ್ದು ರಾತ್ರಿ ಮೇಯಲು ಹೋಗುತ್ತಾಳೆ. ಹೀಗೆ ಬೆಳಕನ್ನು ಕಾಣುವ ಮೊದಲೇ ಮರಿ ರಾತ್ರಿ ಪಾಳಿಗೆ ತಯಾರಾಗುತ್ತದೆ.

೧೮೨೬ರ ಪಾಠ

ಇಲಿ ರಾತ್ರಿ ಎಲ್ಲಿ ಮೇಯುತ್ತದೆಂಬುದರಷ್ಟೇ, ಹಗಲು ಎಲ್ಲಿ ಮಲಗುತ್ತದೆಂಬುದೂ ಮಹತ್ವದ್ದು. ಇದಕ್ಕೆ ನಮ್ಮ ಸೀಮೆಯ ಇತಿಹಾಸವೇ ಸಾಕ್ಷಿ. ಬೇಸಿಗೆಯಲ್ಲಿ ಎರೆ ಭೂಮಿ ಕೈ ತೂರುವಷ್ಟು ಬಿರಿಯುತ್ತದೆ. ಮೆಟ್ಟಾಡ ಇಲಿಗೆ ಆ ಬಿರುಕೇ ಮಲಗುವ ಮನೆ. ಮುಂಗಾರಿ ಮಳೆ ಜೋರಾಗಿ ಸುರಿದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು, ಒಳಗಿದ್ದ ಇಲಿಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. ೧೮೨೬ರಲ್ಲಿ ಮಳೆ ಸಾಲದಾಯಿತು. ಆ ವರ್ಷ ಮೆಟ್ಟಾಡ ಇಲಿ ಮಿತಿಮೀರಿ ಹೆಚ್ಚಿ, ಬಿತ್ತಿದ ಬೀಜವನ್ನೇ ಆರಿಸಿ ತಿಂದಿತು. ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕಡಿಯಿತು. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಸರಕಾರದ ಕಂದಾಯ ಕೊಡುವದೂ ಆಗಲಿಲ್ಲ ಎಂದು ಎಲಿಯಟ್ ಬರೆದಿದ್ದಾನೆ. ಡಜನ್ ಲೆಕ್ಕದಲ್ಲಿ ಕಾಳು ಅಳೆದು ಕೊಟ್ಟು ವಡ್ಡರಿಂದ ಸಾವಿರಗಟ್ಟಲೆ ಇಲಿ ಕೊಲ್ಲಿಸಿದರೂ ಸಂಖ್ಯೆ ಕಡಿಮೆಯಾದಂತೆ ಕಾಣಲಿಲ್ಲವಂತೆ.

ಇದರಿಂದ ನಾವು ಕಲಿಯಬೇಕಾದದ್ದು ಎರಡು. ಮಳೆ ಕಡಿಮೆಯಾದ ವರ್ಷ ಇಲಿಯ ಕಡೆ ಹೆಚ್ಚು ಲಕ್ಷ್ಯ ಬೇಕು. ಎರಡನೆಯದು, ಹೆಚ್ಚಾದ ಮೇಲೆ ಕೊಲ್ಲುವದಕ್ಕಿಂತ ಹೆಚ್ಚಾಗುವ ಮುನ್ನ ಮಲಗುವ ಜಾಗ ಕೆಡಿಸುವದು ಮೇಲು. ಸುಮಾರು ಮೂರು ವಾರಕ್ಕೆ ಗರ್ಭ ತುಂಬಿ ಒಂದು ಸೂಲಿಗೆ ಹಲವು ಮರಿ ಹಾಕುವ ಪ್ರಾಣಿಯನ್ನು ಒಂದೊಂದಾಗಿ ಕೊಂದು ಗೆಲ್ಲಲಾಗುವದಿಲ್ಲ.

ಹೊತ್ತು ನೋಡಿ ಕೆಲಸ ಮಾಡಿರಿ

೧. ಸಂಜೆ ಮುಚ್ಚಿ ಮುಂಜಾನೆ ಎಣಿಸಿರಿ. ಹೊಲದಲ್ಲಿ ಕಂಡ ಬಿಲಗಳೆಲ್ಲದರಲ್ಲಿಯೂ ಇಲಿ ಇರುವದಿಲ್ಲ. ಸಂಜೆ ಎಲ್ಲ ಬಿಲಗಳ ಬಾಯಿ ಮಣ್ಣಿನಿಂದ ಮುಚ್ಚಿರಿ. ಮುಂಜಾನೆ ತೆರೆದ ಬಿಲಗಳೇ ಇಲಿ ಇರುವ ಬಿಲಗಳು. ಅವಕ್ಕೆ ಮಾತ್ರ ಗುರುತಿನ ಕಡ್ಡಿ ಚುಚ್ಚಿರಿ. ಹೆಗ್ಗಣ ಬಾಯಿ ಮುಚ್ಚಿಕೊಂಡೇ ಇರುವದರಿಂದ ಹೊಸ ಮಣ್ಣಿನ ಗುಡ್ಡೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

೨. ಆಹಾರ ಇಡುವದು ದೀಪ ಹಚ್ಚುವ ಹೊತ್ತಿಗೆ. ಇಲಿ ಹಸಿದು ಹೊರಬೀಳುವದು ಆಗಲೇ. ಮೊದಲು ಎರಡು ಮೂರು ಸಂಜೆ ಎಣ್ಣೆ ಸವರಿದ ಜೋಳದ ನುಚ್ಚನ್ನಷ್ಟೇ, ವಿಷವಿಲ್ಲದೆ, ಗುರುತು ಮಾಡಿದ ಬಿಲಗಳಲ್ಲಿ ಇಡಿರಿ. ಇಲಿ ಹೊಸ ಪದಾರ್ಥವನ್ನು ಅನುಮಾನದಿಂದ ಸ್ವಲ್ಪವೇ ರುಚಿ ನೋಡುತ್ತದೆ. ಸ್ವಲ್ಪ ವಿಷ ತಿಂದು ಸಾಯದೆ ನರಳಿದರೆ ಮುಂದೆ ಬಹಳ ದಿನ ಅದನ್ನು ಮುಟ್ಟುವದಿಲ್ಲ. ರೂಢಿಯಾದ ಮೇಲೆ ಒಂದು ಸಂಜೆ ಮಾತ್ರ ವಿಷದ ಆಹಾರ ಇಡಬೇಕು. ಸತುವಿನ ಫಾಸ್ಫೈಡಿನ ರೂಢಿಯ ಪ್ರಮಾಣ ನುಚ್ಚು ೯೬ ಭಾಗ, ಎಣ್ಣೆ ೨ ಭಾಗ, ವಿಷ ೨ ಭಾಗ. ಯಾವ ವಿಷ, ಎಷ್ಟು ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಬಳಸಿರಿ.

೩. ನಸುಕಿನಲ್ಲಿ ತೆಗೆಯಿರಿ. ವಿಷವನ್ನು ಬಿಲದೊಳಗೇ ಇಡಬೇಕು, ಬಯಲಲ್ಲಿ ಚೆಲ್ಲಬಾರದು. ಉಳಿದ ಆಹಾರವನ್ನೂ ಸತ್ತ ಇಲಿಗಳನ್ನೂ ಸೂರ್ಯ ಹುಟ್ಟುವ ಮುಂಚೆ ಆರಿಸಿ ಆಳವಾಗಿ ಹೂಳಿರಿ. ಇಲಿಯ ರಾತ್ರಿ ಮುಗಿದೊಡನೆ ನವಿಲಿನ ಹಗಲು ಆರಂಭವಾಗುತ್ತದೆ. ನವಿಲು ನಮ್ಮ ರಾಷ್ಟ್ರಪಕ್ಷಿ. ಅದನ್ನು ಕೊಲ್ಲುವದು ೧೯೭೨ರ ವನ್ಯಜೀವಿ ಕಾಯದೆಯ ಪ್ರಕಾರ ಅಪರಾಧ. ಕುರಿ, ನಾಯಿ, ಕೋಳಿಗಳೂ ಹೊಲಕ್ಕೆ ಬರುವದು ಹಗಲಲ್ಲೇ.

೪. ವಿಷದ ವಿಷಯದಲ್ಲಿ ಎಚ್ಚರ. ಸತುವಿನ ಫಾಸ್ಫೈಡಿಗೆ ಪ್ರತಿವಿಷವಿಲ್ಲ. ಬರಿಗೈಯಿಂದ ಕಲಸಬಾರದು, ಮನೆಯೊಳಗೆ ಕಲಸಬಾರದು, ಅಡಿಗೆಯ ಪಾತ್ರೆ ಬಳಸಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬಿಲಕ್ಕೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಗಳ ಮೇಲೆ ಸರಕಾರದ ನಿರ್ಬಂಧವಿದೆ. ತರಬೇತಿ ಪಡೆದವರಲ್ಲದೆ ಅನ್ಯರು ಮುಟ್ಟಬಾರದು.

೫. ಅಗೆಯುವದು ಹಗಲಿನಲ್ಲಿ. ಬಿಲ ಅಗೆದು ಇಲಿ ಹಿಡಿಯುವದಾದರೆ ಅದು ಮಲಗಿದ್ದ ಹಗಲು ಹೊತ್ತೇ ಸರಿ. ರಾತ್ರಿ ಅಗೆದರೆ ಬರಿ ಮನೆ ಅಗೆದಂತೆ. ಬೋನು ಇಡುವದಾದರೆ ಸಂಜೆ ಇಟ್ಟು ನಸುಕಿನಲ್ಲಿ ನೋಡಿರಿ. ಸುಗ್ಗಿ ಮುಗಿದ ಮೇಲೆ ಆಳವಾಗಿ ಮಾಗಿ ಮಾಡಿದರೆ ಬಿಲಗಳೂ ಬಿರುಕುಗಳೂ ಕೆಡುತ್ತವೆ. ಬದು ಅಗತ್ಯಕ್ಕಿಂತ ಅಗಲವಿರಬಾರದು. ಕಸ ಕಂಟಿ ತೆಗೆದು ಸ್ವಚ್ಛವಿರಬೇಕು. ಕಲ್ಲುಗುಂಪೆಗಳನ್ನು ಹೊಲದ ನಡುವೆ ಬಿಡಬಾರದು.

೬. ಎರಡು ಕಾವಲುಗಾರರನ್ನು ಉಳಿಸಿಕೊಳ್ಳಿರಿ. ಕೇರೆ ಹಾವು ಹಗಲು ತಿರುಗುವ ಹಾವು. ಇಲಿ ಮಲಗಿರುವ ಬಿಲಕ್ಕೇ ಹೋಗಿ ಹಿಡಿಯುತ್ತದೆ. ಅದಕ್ಕೆ ವಿಷವಿಲ್ಲ. ಗೂಗೆ ರಾತ್ರಿಯ ಕಾವಲುಗಾರ. ಇಲಿ ಎದ್ದ ಹೊತ್ತಿಗೇ ಅದೂ ಏಳುತ್ತದೆ. ಗೂಗೆ ಕೂಗಿದರೆ ಅಪಶಕುನವೆಂದು ಕಲ್ಲು ಒಗೆಯುವ ರೂಢಿ ಬಿಡಬೇಕು. ಅದರ ಕೂಗು ನಮ್ಮ ಬೆಳೆಗೆ ಶುಭಶಕುನವೇ. ಹೊಲದಲ್ಲಿ ಆಳೆತ್ತರಕ್ಕಿಂತ ಎತ್ತರದ ಗಳ ನೆಟ್ಟು, ಮೇಲೆ ಅಡ್ಡ ಕೋಲು ಕಟ್ಟಿದರೆ ಗೂಗೆಗೆ ಕೂಡಲು ಜಾಗವಾಗುತ್ತದೆ. ವಿಷ ತಿಂದು ಸತ್ತ ಇಲಿಯನ್ನು ಹಾಗೇ ಬಿಟ್ಟರೆ ಈ ಕಾವಲುಗಾರರಿಗೂ ಅಪಾಯ.

೭. ಊರೆಲ್ಲ ಕೂಡಿ ಮಾಡಿರಿ. ಇಲಿಗೆ ಸರ್ವೆ ನಂಬರು ಗೊತ್ತಿಲ್ಲ. ನಿಮ್ಮ ಹೊಲದ ಇಲಿ ಕೊಂದರೆ ನಾಲ್ಕು ರಾತ್ರಿಯಲ್ಲಿ ಪಕ್ಕದ ಹೊಲದ ಇಲಿ ಬಂದು ಖಾಲಿ ಬಿಲ ಹಿಡಿಯುತ್ತದೆ. ಊರಿನ ಎಲ್ಲ ಹೊಲಗಳಲ್ಲಿ, ಕಾಲುವೆಯ ದಂಡೆ ಮತ್ತು ದಾರಿಯ ಮಗ್ಗಲೂ ಬಿಡದೆ, ಒಂದೇ ವಾರದಲ್ಲಿ ಮಾಡಬೇಕು. ಬಿತ್ತುವ ಮುಂಚೆ ಒಮ್ಮೆ, ತೆನೆ ಹೊರಡುವ ಮುಂಚೆ ಒಮ್ಮೆ. ಕಾಳು ತುಂಬಿದ ಮೇಲೆ ಹೊಲವೆಲ್ಲ ಊಟವಿರುವಾಗ ನಿಮ್ಮ ನುಚ್ಚನ್ನು ಯಾವ ಇಲಿಯೂ ಕೇಳುವದಿಲ್ಲ.

೮. ರಾಶಿ ತಡಮಾಡಬೇಡಿರಿ. ಕೊಯ್ದ ತೆನೆ ಕಣದಲ್ಲಿ ಕಳೆಯುವ ಒಂದೊಂದು ರಾತ್ರಿಯೂ ಇಲಿಗೆ ಒಂದು ಹಬ್ಬ. ಬಣವಿಯ ಬುಡ ಸಂಜೆ ಒಮ್ಮೆ, ನಸುಕಿನಲ್ಲಿ ಒಮ್ಮೆ ನೋಡಿರಿ.

ಹಗಲಲ್ಲೇ ಇಲಿ ಕಂಡರೆ

ಕೆಲವೊಮ್ಮೆ ಮಟಮಟ ಮಧ್ಯಾಹ್ನ ಇಲಿ ಓಡಾಡುವದು ಕಾಣುತ್ತದೆ. ಇದನ್ನು ಸಾಮಾನ್ಯವೆಂದು ಬಿಡಬಾರದು. ನೀರು ಹಾಯಿಸಿದಾಗ ಬಿಲಕ್ಕೆ ನೀರು ನುಗ್ಗಿದ್ದರೆ ಹಾಗಾಗುವದು ಸಹಜ. ಅಂಥ ಕಾರಣ ಕಾಣದಿದ್ದರೆ, ಇಲಿಗಳು ಬಹಳ ಹೆಚ್ಚಿ ರಾತ್ರಿಯ ಮೇವು ಸಾಲದಾಗಿದೆಯೆಂಬ ಸೂಚನೆ ಇರಬಹುದು. ಮೈ ಜೋಲಿ ಬಿಟ್ಟು ಅಂಜಿಕೆಯಿಲ್ಲದೆ ಅಲ್ಲೇ ತಿರುಗುವ ಇಲಿಗೆ ರೋಗವೂ ಇರಬಹುದು. ಅಂಥದನ್ನು ಕೈಯಿಂದ ಮುಟ್ಟಬೇಡಿರಿ. ಇಲಿಯ ಮೂತ್ರ ಬೆರೆತ ನೀರಿನಿಂದ ಮನುಷ್ಯರಿಗೆ ಇಲಿಜ್ವರ ಬರುತ್ತದೆ. ಕಾಲಲ್ಲಿ ಗಾಯವಿದ್ದವರು ನಿಂತ ನೀರಿನಲ್ಲಿ ಬರಿಗಾಲಿನಿಂದ ಇಳಿಯಬಾರದು. ಜ್ವರ ಬಂದರೆ ಹೊಲದ ಕೆಲಸದ ವಿಷಯ ವೈದ್ಯರಿಗೆ ಹೇಳಬೇಕು.

ಒಂದು ಸಣ್ಣ ಪರೀಕ್ಷೆ

ಇಲ್ಲಿ ಬರೆದದ್ದನ್ನು ನಂಬಿ ಸುಮ್ಮನಿರಬೇಡಿರಿ, ನಿಮ್ಮ ಹೊಲದಲ್ಲಿಯೇ ಪರೀಕ್ಷಿಸಿ ನೋಡಿರಿ. ಒಲೆಯ ಬೂದಿಯನ್ನು ಜರಡಿ ಹಿಡಿದು, ಇಲಿ ಇರುವ ಹತ್ತು ಬಿಲಗಳ ಮುಂದೆ ಸಂಜೆ ತೆಳ್ಳಗೆ ಹರಡಿರಿ. ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಹಿಡಿದು ಹೋಗಿ ಎಷ್ಟು ಬಿಲಗಳ ಮುಂದೆ ಹೆಜ್ಜೆ ಮೂಡಿದೆಯೆಂದು ಎಣಿಸಿ, ಬೂದಿಯನ್ನು ಮತ್ತೆ ಸಮ ಮಾಡಿರಿ. ನಡುರಾತ್ರಿಗೊಮ್ಮೆ, ನಸುಕಿನಲ್ಲೊಮ್ಮೆ, ಮರುದಿನ ಮಧ್ಯಾಹ್ನಕ್ಕೊಮ್ಮೆ ಹೀಗೆಯೇ ಮಾಡಿರಿ. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಮಾಡಿ ಹೋಲಿಸಿರಿ. ಹಾವು ಚೇಳಿನ ಭಯವಿರುವದರಿಂದ ಕಾಲಲ್ಲಿ ಗಟ್ಟಿ ಬೂಟು ಇರಲಿ, ಒಬ್ಬರೇ ಹೋಗಬೇಡಿರಿ. ಲೆಕ್ಕ ಬರೆಯಲು ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಹಚ್ಚಿರಿ. ಎರಡು ಸಲ ಲೆಕ್ಕ ಹಾಕಿದರೆ ನಿಮ್ಮ ಹೊಲದ ಇಲಿ ಯಾವ ಹೊತ್ತಿಗೆ ಹೊರಬೀಳುತ್ತದೆ, ಯಾವ ಹೊತ್ತಿಗೆ ಮರಳುತ್ತದೆ ಎಂಬುದು ನಿಮಗೇ ತಿಳಿಯುವದು.

ಇಲಿ ತನ್ನ ಹೊತ್ತನ್ನು ಎಂದೂ ತಪ್ಪಿಸುವದಿಲ್ಲ. ಅದರ ಬಲವೂ ಅದೇ, ಅದರ ದೌರ್ಬಲ್ಯವೂ ಅದೇ. ಇಂಥ ಹೊತ್ತಿಗೆ ಇಂಥಲ್ಲಿ ಇರುತ್ತದೆಂದು ತಿಳಿದ ಪ್ರಾಣಿಯನ್ನು ಹತೋಟಿಯಲ್ಲಿಡುವದು ಕಠಿಣವಲ್ಲ. ಬರುವ ಹಿಂಗಾರಿ ಬಿತ್ತಿಗೆಯ ಮುನ್ನ ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿ ಒಂದು ವಾರ ಗೊತ್ತುಮಾಡಲಿ. ಆ ವಾರ ಸಂಜೆ ಬಿಲ ಮುಚ್ಚುವದು, ಮುಂಜಾನೆ ಎಣಿಸುವದು, ಎಲ್ಲ ಹೊಲಗಳಲ್ಲಿ ಒಟ್ಟಿಗೆ ನಡೆಯಲಿ. ವರ್ಷವೆಲ್ಲ ದುಡಿದು ಬೆಳೆದ ಕಾಳು ಇಲಿಯ ಉಗ್ರಾಣಕ್ಕಲ್ಲ, ನಿಮ್ಮ ಮನೆಯ ಕಣಜಕ್ಕೆ ಸೇರಲಿ.